ಲಾಕರ್ ಕೋಣೆಯಲ್ಲಿ ಊದಿನಕಡ್ಡಿ

ಈಗಲೂ ಎಲ್ಲಾದರೂ ಊದಿನಕಡ್ಡಿಯ ವಾಸನೆ ಬಂದರೆ ನನ್ನ ಎರಡೂ ಕೈಗಳು ತಾವಾಗಿಯೇ ಮೇಲೇಳುತ್ತವೆ. ಮೊನ್ನೆ ಗುಡಿಯಲ್ಲಿ ಹೀಗಾದಾಗ ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ನನ್ನ ಭಕ್ತಿಯನ್ನು ಬಹಳ ಮೆಚ್ಚಿಕೊಂಡರು. ಅದು ಭಕ್ತಿಯಲ್ಲ, ಬಂದೂಕಿನ ಎದುರು ನಿಂತು ಬಂದವನ ಅಭ್ಯಾಸ ಎಂದು ಅವರಿಗೆ ಹೇಗೆ ಹೇಳಲಿ?

ನಾನು ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವನು. ಕಲಬುರಗಿಯ ಒಂದು ಕಾಲೇಜಿನಲ್ಲಿ ವಾಣಿಜ್ಯ ಬ್ಯಾಂಕುಗಳ ಕಾರ್ಯಗಳನ್ನು ಪುಸ್ತಕ ನೋಡದೆ ಪಾಠ ಮಾಡುತ್ತೇನೆ. ಆದರೆ ಬ್ಯಾಂಕಿನ ಗಾಜಿನ ಬಾಗಿಲು ದಾಟಿದ ಕೂಡಲೇ ನನಗೆ ಆ ಪಾಠವೆಲ್ಲ ಮರೆತುಹೋಗುತ್ತದೆ. ನನ್ನದೇ ಸಂಬಳ ತೆಗೆಯಲು ಹೋದಾಗಲೂ ಗುರುತಿಲ್ಲದವರ ಅಡುಗೆಮನೆಯಲ್ಲಿ ಸಿಕ್ಕಿಬಿದ್ದವನಂತೆ ನಿಲ್ಲುತ್ತೇನೆ. ಪೆನ್ನಿಗೆ ದಾರ ಕಟ್ಟಿರುವುದು ನಿರ್ದಿಷ್ಟವಾಗಿ ನನ್ನ ಮೇಲಿನ ಸಂಶಯದಿಂದಲೇ ಎಂದು ನಂಬಿದ್ದೇನೆ. ಒಮ್ಮೆ ಪಾಸ್‌ಬುಕ್ ಮುದ್ರಿಸುವ ಯಂತ್ರ ‘ದಯವಿಟ್ಟು ಕಾಯಿರಿ’ ಅಂದಾಗ ನಾನು ‘ಆಯ್ತ್ರಿ, ಆರಾಮ ಮಾಡ್ರಿ’ ಎಂದು ಉತ್ತರ ಕೊಟ್ಟಿದ್ದೇನೆ.

ನಮ್ಮ ಬ್ಯಾಂಕು ನೆಹರು ಗಂಜ್ ಎಂಬ ಧಾನ್ಯದ ಮಾರುಕಟ್ಟೆಯ ಹತ್ತಿರ ಇದೆ. ಅಲ್ಲಿನ ಬೇಳೆ ವ್ಯಾಪಾರಿಗಳು ಅಂಗಿಯ ಮೇಲಿನ ತೊಗರಿ ಧೂಳನ್ನು ಒಳಗೇ ಕೊಡವಿ, ‘ಕ್ಯಾ ಭಾಯ್, ಚಾ ಆಯ್ತೇನು?’ ಎಂದು ಕ್ಯಾಶಿಯರನ್ನು ಮಾತಾಡಿಸುತ್ತ, ಸ್ವಂತ ಕಟ್ಟೆಯ ಮೇಲೆ ಕುಳಿತವರಂತೆ ಓಡಾಡುತ್ತಾರೆ. ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವರಲ್ಲಿ ಎಷ್ಟು ಜನ ಅರ್ಥಶಾಸ್ತ್ರ ಓದಿದ್ದಾರೆ?

ಇಂಥ ನನ್ನನ್ನು ಕಮಲಾಪುರದ ನಮ್ಮ ಸೋದರತ್ತೆ ತನ್ನ ಲಾಕರಿಗೆ ಜಂಟಿ ಹಕ್ಕುದಾರನನ್ನಾಗಿ ಮಾಡಿಕೊಂಡಿದ್ದಳು. ಕಮಲಾಪುರದಲ್ಲಿ ಬ್ಯಾಂಕಿಲ್ಲವೆಂದಲ್ಲ. ‘ಅಲ್ಲಿಟ್ಟರ ನಾ ಮನಿ ಮುಟ್ಟೂದ್ರಾಗ ಓಣಿ ಮಂದಿ ಕಟ್ಟಿ ಮ್ಯಾಲ ಕುಂತು, ಏನೇನ ಇಟ್ಟು ಬಂದ್ರಿ ಅಂತ ಕೇಳ್ತಾರ’ ಎಂಬುದು ಅವಳ ವಾದ. ಹಾಗಾಗಿ ಅವಳ ಬಂಗಾರ ಕಲಬುರಗಿಯಲ್ಲಿತ್ತು, ಅದರ ಕಾವಲಿಗೆ ಓದಿದ ಸೋದರಳಿಯ ಅಂತ ನಾನಿದ್ದೆ.

ಬೇಸಿಗೆಯ ಒಂದು ಶುಕ್ರವಾರ ಬೆಳಿಗ್ಗೆ ಅತ್ತೆ ಶಹಾಬಜಾರಿನ ನಮ್ಮ ಮನೆಗೆ ಬಂದಳು. ಕೈಯಲ್ಲಿ ಎರಡು ಚೀಲ. ಒಂದರ ತುಂಬ ಕಮಲಾಪುರದ ಕೆಂಪು ಬಾಳೆಹಣ್ಣು. ಯಾವ ಕಚೇರಿಗೆ ಹೋದರೂ ಬರಿಗೈಲಿ ಹೋಗಬಾರದು ಎಂಬುದು ಅವಳ ನಿಯಮ. ಇನ್ನೊಂದರಲ್ಲಿ ಏನಿದೆ ಎಂದು ನಾನು ಕೇಳಲಿಲ್ಲ. ಕೇಳಬೇಕಾಗಿತ್ತು.

‘ನಡಿ ತಮ್ಮಾ, ಬ್ಯಾಂಕಿಗಿ ಹೋಗಮಿ. ಬೋರಮಾಳ ತರಬೇಕು’ ಅಂದಳು.

ಬೋರಮಾಳ ಅಂದರೆ ಬೋರೆಹಣ್ಣಿನಂತೆ ದುಂಡಗಿನ ಬಂಗಾರದ ಗುಂಡುಗಳನ್ನು ಪೋಣಿಸಿದ ಸರ. ಅದು ನಮ್ಮ ಅಜ್ಜಿಯದು. ಅಜ್ಜಿ ಅದನ್ನು ಅತ್ತೆಗೆ ಕೊಟ್ಟದ್ದು ಮದುವೆಯಲ್ಲಲ್ಲ, ಮೊದಲ ಬಸಿರಿನ ಕುಬಸದ ದಿನ, ಹಸಿರು ಸೀರೆ ಉಡಿಸಿ ಆರತಿ ಮಾಡುವಾಗ. ಅತ್ತೆಯೂ ಮಗಳಿಗೆ ಹಾಗೆಯೇ ಕೊಡಬೇಕೆಂದು ಕಾದಿದ್ದಳು. ಆದರೆ ಮಗಳ ಅತ್ತೆಗೆ ಈ ಪದ್ಧತಿ ಒಪ್ಪಿಗೆಯಾಗಿರಲಿಲ್ಲ. ‘ಅಂಥಾದ್ದೊಂದು ಖರೇನ ಇದ್ದಿದ್ರ ಲಗ್ನದಾಗ ಕಾಣತಿತ್ತು’ ಎಂದು ಅವರು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಹುಡುಗಿ ಅದನ್ನು ಕೇಳಿಕೇಳಿ, ಫೋನಿನಲ್ಲಿ, ‘ಅವ್ವಾ, ಅದು ಐತೋ ಇಲ್ಲೋ ಒಂದ ಸಲ ಹೇಳಿಬಿಡು’ ಎಂದು ಅತ್ತುಬಿಟ್ಟಿದ್ದಳಂತೆ.

ಈಗ ಮಗಳ ಕುಬಸ ಐತವಾರ, ಅಂದರೆ ಭಾನುವಾರ. ಆ ಶನಿವಾರ ಬ್ಯಾಂಕಿಗೆ ರಜೆ. ಹಿಂದಿನ ದಿನ ಬರೋಣವೆಂದರೆ ಗುರುವಾರ ಅಮಾವಾಸ್ಯೆ. ಆದ್ದರಿಂದ ಶುಕ್ರವಾರವೊಂದೇ ಉಳಿದಿತ್ತು.

‘ಇವತ್ತ ಸಿಗಲಿಲ್ಲಂದ್ರ ಆ ಬೀಗತಿ ಮುಂದ ನನ್ನ ಮಗಳ ಮಾರಿ ಏನಾಗಬೇಕು?’ ಅಂದಳು ಅತ್ತೆ.

ಹೊರಡುವಾಗ ನನ್ನ ಅಂಗಿಯ ಜೇಬಿಗೆ ಒಂದು ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ತುರುಕಿದಳು. ಬಿಸಿಲು ಬಡಿಯಬಾರದೆಂದು ನಮ್ಮಲ್ಲಿ ಹೀಗೆ ಇಟ್ಟುಕೊಳ್ಳುವುದುಂಟು. ಎಂ.ಎ. ಮಾಡಿದವನು ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡು ತಿರುಗುವುದೇ ಎಂದರೆ, ‘ಬಿಸಿಲಿಗೇನ ಗೊತ್ತು ನೀ ಎಂ.ಎ. ಅಂತ’ ಎಂದಳು. ಕಿವಿ ಮೂಗುಗಳನ್ನೆಲ್ಲ ಟವೆಲ್ಲಿನಿಂದ ಸುತ್ತಿಕೊಂಡು, ಅತ್ತೆಯನ್ನು ಹಿಂದೆ ಕೂಡ್ರಿಸಿಕೊಂಡು ಸ್ಕೂಟರ್ ಹೊರಡಿಸಿದೆ.

ಬ್ಯಾಂಕಿನ ಬಾಗಿಲಲ್ಲಿ ಕಾವಲುಗಾರ ಕುಳಿತಿದ್ದ. ಮಿಲಿಟರಿಯಿಂದ ನಿವೃತ್ತನಾಗಿ ಬಂದವನು, ಮೆಹಂದಿ ಹಚ್ಚಿದ ಗಡ್ಡ, ತೊಡೆಯ ಮೇಲೆ ಉದ್ದನೆಯ ಬಂದೂಕು. ನನ್ನನ್ನು ಕಂಡು ಎದ್ದು ನಿಂತ.

‘ಸಾಬ್, ಮಾರಿ ತೆಗೀರಿ’ ಅಂದ.

ಮುಖಕ್ಕೆ ಸುತ್ತಿದ ಟವೆಲ್ ತೆಗೆಯಲು ಹೇಳಿದ್ದು ಎಂದು ಹೊಳೆಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅಷ್ಟರಲ್ಲಿ ಅತ್ತೆ ಚಪ್ಪಲಿಯನ್ನು ಹೊರಗೇ ಬಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದಳು.

‘ಅಮ್ಮಾ, ಚಪ್ಪಲ್ ಹಾಕ್ಕೊಂಡ ಬರ್ರಿ, ಇಲ್ಲಿ ಯಾರೂ ತೆಗಿಯಂಗಿಲ್ಲ’ ಅಂದ ಕಾವಲುಗಾರ.

‘ಅಲ್ಲೋ ಅಣ್ಣಾ, ಊರ ಲಕ್ಷ್ಮಿ ಎಲ್ಲಾ ಇಲ್ಲೇ ಕುಂತಾಳ. ಚಪ್ಪಲಿ ಮೆಟ್ಟಿ ಹ್ಯಾಂಗ ಬರಬೇಕು? ತಗೋ, ಹಣ್ಣು ತಿನ್ನು’ ಎಂದು ಅತ್ತೆ ಎರಡು ಕೆಂಪು ಬಾಳೆಹಣ್ಣುಗಳನ್ನು ಅವನ ಕೈಯಲ್ಲಿಟ್ಟಳು. ಗೊಂದಲದಲ್ಲಿ ನಾನೂ ಬೂಟು ಬಿಚ್ಚಿದೆ. ಒಂದು ಕಾಲುಚೀಲದ ಹೆಬ್ಬೆರಳಿನ ಬಳಿ ತೂತಿತ್ತು. ಮುಂದೆ ನಡೆದದ್ದನ್ನೆಲ್ಲ ನಾನು ಆ ಹೆಬ್ಬೆರಳನ್ನು ಮಡಚಿಕೊಂಡೇ ಎದುರಿಸಿದೆ.

ಲಾಕರಿನ ಮೇಜಿನಲ್ಲಿದ್ದ ಅಧಿಕಾರಿ ಮೈಸೂರು ಕಡೆಯ ಹೆಣ್ಣುಮಗಳು, ಇತ್ತೀಚೆಗೆ ವರ್ಗವಾಗಿ ಬಂದವರು. ನಾನು ಸಹಿ ಮಾಡಿದೆ. ಅವರು ಅದನ್ನು ಹಳೆಯ ಸಹಿಯ ಪಕ್ಕ ಹಿಡಿದು ನೋಡಿ, ‘ಸರ್, ಇದು ನಿಮ್ಮದೇ ಸೈನಾ?’ ಅಂದರು. ಮತ್ತೆ ಮಾಡಿದೆ. ಎರಡನೆಯದು ಮೊದಲಿನದನ್ನೂ ಹೋಲಲಿಲ್ಲ. ಮೂರನೆಯದನ್ನು ನೋಡಿ ನನಗೇ ನನ್ನ ಮೇಲೆ ಅನುಮಾನ ಬಂತು. ಅತ್ತೆ ಪೆನ್ನು ಕಸಿದುಕೊಂಡು, ಶಾಲೆಯ ಹಲಗೆಯ ಮೇಲೆ ಬರೆದಂತೆ ದುಂಡಗೆ ತನ್ನ ಹೆಸರು ಬರೆದಳು.

‘ಇವರ ಸೈನ್ ಕರೆಕ್ಟಾಗಿದೆ. ಇಬ್ಬರಲ್ಲಿ ಒಬ್ಬರು ಮಾಡಿದ್ರೆ ಸಾಕು ಸರ್, ನೀವು ಮಾಡಬೇಕು ಅಂತೇನೂ ಇರಲಿಲ್ಲ’ ಅಂದರು ಅಧಿಕಾರಿ.

‘ಮತ್ತ ಇವನ್ನ ಯಾಕ ಕರಕೊಂಡ ಬಂದೆ ನಾ?’ ಎಂದು ಅತ್ತೆ ನನ್ನನ್ನೇ ಕೇಳಿದಳು. ಆಮೇಲೆ, ‘ಇರಲಿ ಬಾ, ಜೋಡಿಗಿ ಗಂಡಸಂತ ಒಬ್ಬ ಇರಬೇಕು’ ಎಂದು ಒಳಗೆ ಎಳೆದುಕೊಂಡು ಹೋದಳು.

ಲಾಕರ್ ಕೋಣೆಗೆ ಕಿಟಕಿಯಿಲ್ಲ. ಕಬ್ಬಿಣದ ಜಾಲರಿ ಬಾಗಿಲು, ಗೋಡೆ ತುಂಬ ಚಿಕ್ಕ ಚಿಕ್ಕ ಖಾನೆಗಳು, ಒಂದು ಸ್ಟೂಲು, ಆಭರಣ ಹಾಕಿ ನೋಡಿಕೊಳ್ಳಲು ಒಂದು ಕನ್ನಡಿ. ಲಾಕರಿಗೆ ಎರಡು ಕೀಲಿ. ಮೊದಲು ಬ್ಯಾಂಕಿನವರು ತಮ್ಮದನ್ನು ತಿರುಗಿಸಬೇಕು, ಆಮೇಲೆ ನಾವು ನಮ್ಮದನ್ನು. ಎರಡೂ ಇಲ್ಲದೆ ಅದು ತೆರೆಯುವುದಿಲ್ಲ. ಮುಚ್ಚಲು ಮಾತ್ರ ನಮ್ಮದೊಂದೇ ಸಾಕು. ಅಧಿಕಾರಿ ತಮ್ಮ ಕೀಲಿ ತಿರುಗಿಸಿ, ‘ನಿಧಾನವಾಗಿ ನೋಡ್ಕೊಳ್ಳಿ ಅಮ್ಮ’ ಎಂದು ಹೊರಗೆ ಹೋದರು.

ಅತ್ತೆ ಡಬ್ಬಿಯನ್ನು ಹೊರಗೆಳೆದು ನೆಲದ ಮೇಲೆ ಇಟ್ಟಳು. ಕೆಂಪು ವಸ್ತ್ರದ ಗಂಟು ಬಿಚ್ಚಿದಳು. ಬೋರಮಾಳ ಇತ್ತು. ಅತ್ತೆ ಅದನ್ನು ಎತ್ತಲಿಲ್ಲ, ಸುಮ್ಮನೆ ನೋಡಿದಳು. ಆಮೇಲೆ ಎರಡನೆಯ ಚೀಲಕ್ಕೆ ಕೈ ಹಾಕಿ ಅರಿಶಿನ, ಕುಂಕುಮ, ಎರಡು ಮಲ್ಲಿಗೆ ಹೂವು ತೆಗೆದಳು. ನಂತರ ಊದಿನಕಡ್ಡಿ. ನಂತರ ಕಡ್ಡಿಪೆಟ್ಟಿಗೆ.

‘ಅತ್ತೀ, ಏನ ಮಾಡಾಕತ್ತೀ?’

‘ಶುಕ್ರವಾರ ಲಕ್ಷ್ಮೀನ ಇದ್ದ ಜಾಗದಿಂದ ಎಬ್ಬಿಸಿ ಒಯ್ಯೂದು ಛಲೋ ಅಲ್ಲ. ಬ್ಯಾರೆ ದಿನ ಇಲ್ಲ ನನ್ನ ಹಂತೇಲಿ. ಅದಕ್ಕ ಪೂಜಿ ಮಾಡಿ, ಕೇಳಿ ಒಯ್ಯತೀನಿ.’

‘ಇಲ್ಲಿ ಹಚ್ಚಬಾರದಂತ ಕಾಣತದ ಅತ್ತಿ.’

‘ಎಲ್ಲಿ ಬರದಾರ ತೋರಸು.’

ನಾನು ಗೋಡೆಗಳನ್ನು ನೋಡಿದೆ. ಮೊಬೈಲ್ ಬಳಸಬಾರದು ಎಂದಿತ್ತು. ಊದಿನಕಡ್ಡಿಯ ವಿಷಯ ಎಲ್ಲೂ ಇರಲಿಲ್ಲ. ಓದಿದವನಾದ್ದರಿಂದ ಬರೆದದ್ದಕ್ಕೆ ಮಾತ್ರ ಬೆಲೆ ಕೊಟ್ಟು ಸುಮ್ಮನಾದೆ. ಅತ್ತೆ ಒಂದು ಕಡ್ಡಿಯಲ್ಲ, ಒಂದು ಹಿಡಿ ಕಡ್ಡಿಗಳನ್ನು ಒಟ್ಟಿಗೆ ಹಚ್ಚಿದಳು. ಹೊಗೆ ನಿಧಾನವಾಗಿ ಎದ್ದು ಮೇಲೆ ಹೋಯಿತು. ಚಾವಣಿಯಲ್ಲಿ ಬಟ್ಟಲು ಬೋರಲು ಹಾಕಿದಂತೆ ಒಂದು ಬಿಳಿಯ ವಸ್ತು ಇತ್ತು. ಹೊಗೆ ಅದರ ಸುತ್ತ ಒಂದು ಸುತ್ತು ಹಾಕಿತು.

ಆಮೇಲೆ ಎದ್ದ ಸದ್ದನ್ನು ನಾನು ಬರೆದು ಹೇಳಲಾರೆ. ಗಂಜಿನ ಎಲ್ಲ ಲಾರಿಗಳೂ ಒಮ್ಮೆಲೇ ಹಾರ್ನ್ ಹಾಕುತ್ತ ನನ್ನ ತಲೆಯೊಳಗೆ ಹೊಕ್ಕಂತಾಯಿತು.

‘ಕಳ್ಳರು ಬಂದಾರೋ!’ ಎಂದು ಅತ್ತೆ ಕೂಗಿದಳು.

ಆ ಅಪಾಯದ ಗಂಟೆ ತನ್ನ ಹೊಗೆಗೆ ಬಾರಿಸಿದ್ದು ಎಂಬ ಯೋಚನೆ ಅವಳಿಗೆ ಬರಲೇ ಇಲ್ಲ. ನಿಜ ಹೇಳಬೇಕೆಂದರೆ ನನಗೂ ಬರಲಿಲ್ಲ. ಬ್ಯಾಂಕಿಗೆ ದರೋಡೆಕೋರರು ನುಗ್ಗಿದ್ದಾರೆ ಎಂದೇ ನಾವಿಬ್ಬರೂ ನಂಬಿದೆವು. ಅತ್ತೆ ಬೋರಮಾಳವನ್ನು ಗಂಟು ಕಟ್ಟಿ, ಡಬ್ಬಿಯನ್ನು ಲಾಕರಿಗೆ ನೂಕಿ, ಬಾಗಿಲು ಬಡಿದು ಕೀಲಿ ತಿರುಗಿಸಿ, ಕೀಲಿಯನ್ನು ಕುಪ್ಪಸದೊಳಗೆ ಇಳಿಬಿಟ್ಟಳು. ನಾನು ಅಡಗಲು ಜಾಗ ಹುಡುಕಿದೆ. ಮೂಲೆಯಲ್ಲಿ ಇನ್ನೊಬ್ಬ ಮನುಷ್ಯ ನನ್ನಷ್ಟೇ ಗಾಬರಿಯಾಗಿ ನಿಂತಿದ್ದ. ‘ಸ್ವಲ್ಪ ಸರೀರಿ’ ಅಂದೆ. ಅದು ಕನ್ನಡಿ.

ಅತ್ತ ಹೊರಗಿನವರ ತಿಳಿವಳಿಕೆ ಬೇರೆಯೇ ಆಗಿತ್ತು. ಕೋಣೆಯೊಳಗೆ ಹೊಗೆ, ಗಂಟೆ, ಮುಖಕ್ಕೆ ಬಟ್ಟೆ ಸುತ್ತಿಕೊಂಡು ಬಂದು ಮೂರು ಬಗೆಯ ಸಹಿ ಮಾಡಿದ ಮನುಷ್ಯ. ನಾವೇ ಲಾಕರ್ ಒಡೆಯುತ್ತಿದ್ದೇವೆ ಎಂದು ಅವರು ತೀರ್ಮಾನಿಸಿದರು. ಕಾವಲುಗಾರ ಓಡಿಬಂದು ಜಾಲರಿ ಬಾಗಿಲನ್ನು ಧಡಾರನೆ ಎಳೆದು ಮುಚ್ಚಿದ. ಹೊಗೆಯಲ್ಲಿ ಅವನ ಮುಖ ಕಾಣಲಿಲ್ಲ. ಜಾಲರಿಯ ಸಂದಿಯಿಂದ ಒಳಗೆ ಬಂದ ಬಂದೂಕಿನ ನಳಿಗೆ ಮಾತ್ರ ಕಂಡಿತು.

‘ಕೌನ್ ಹೈ ಅಂದರ್? ಕೈ ಮ್ಯಾಲ ಮಾಡ್ರಿ!’

ಆ ನಳಿಗೆಯ ತೂತು ಎಷ್ಟು ಕಪ್ಪಗಿತ್ತೆಂದರೆ, ಈಗಲೂ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ. ನಾನು ಕೈ ಎತ್ತಿದೆ. ಎತ್ತಿದ ರಭಸಕ್ಕೆ ಜೇಬಿನ ಉಳ್ಳಾಗಡ್ಡಿ ಜಿಗಿದು ನೆಲಕ್ಕೆ ಬಿದ್ದು, ಗುಡುಗುಡು ಉರುಳುತ್ತ ಜಾಲರಿಯ ಕೆಳಗಿನಿಂದ ಕಾವಲುಗಾರನ ಕಾಲಿನ ಬಳಿಗೆ ಹೋಯಿತು.

‘ಬಾಂಬ್! ಬಾಂಬ್ ಒಗದಾನ! ಭಾಗೋ!’

ಹೊರಗೆ ಕುರ್ಚಿಗಳು ಉರುಳಿದ ಸದ್ದು, ವ್ಯಾಪಾರಿಗಳ ಕೂಗು, ಓಡುವ ಕಾಲುಗಳು. ಯಾರೋ ‘ನನ್ನ ಪಾಸ್‌ಬುಕ್ಕು, ನನ್ನ ಪಾಸ್‌ಬುಕ್ಕು’ ಎಂದು ಅಳುತ್ತಿದ್ದರು. ಕಾವಲುಗಾರ ಮಾತ್ರ ಓಡಲಿಲ್ಲ. ಕಂಬದ ಮರೆಗೆ ಸರಿದು ಅಲ್ಲಿಂದಲೇ ಬಂದೂಕು ಹಿಡಿದ. ಸ್ವಲ್ಪ ಹೊತ್ತು ಕಳೆಯಿತು. ಉಳ್ಳಾಗಡ್ಡಿ ಏನೂ ಮಾಡಲಿಲ್ಲ.

‘ಬಾಗಲಕ್ಕ ಕೀಲಿ ಹಾಕಿಲ್ಲ, ಒಬ್ಬೊಬ್ಬರ ಹೊರಗ ಬರ್ರಿ!’ ಎಂದು ಅವನು ಕೂಗಿದ.

‘ಬರಂಗಿಲ್ಲ!’ ಅಂದಳು ಅತ್ತೆ. ‘ನಿಮ್ಮಂಥಾ ಕಳ್ಳರನ ಭಾಳ ನೋಡೀನಿ. ಕೀಲಿ ಕೊಡಂಗಿಲ್ಲ, ಏನ ಮಾಡ್ಕೋತಿ ಮಾಡ್ಕೋ!’

‘ಯಾರಿಗಿ ಕಳ್ಳ ಅಂತೀರಿ? ಕಳ್ಳರು ನೀವು! ನಾ ಬ್ಯಾಂಕಿನ ಮನಷ್ಯಾ!’

‘ಬ್ಯಾಂಕಿನವ ಇದ್ರ ಹೇಳು ನೋಡಮಿ, ಮುಂಜಾನಿ ಒಳಗ ಬರೋ ಮುಂದ ನಿನಗ ನಾ ಏನ ಕೊಟ್ಟೆ?’

ಬಂದೂಕಿನ ನಳಿಗೆ ಸ್ವಲ್ಪ ಕೆಳಗಿಳಿಯಿತು. ಆಮೇಲೆ ಕಂಬದ ಹಿಂದಿನಿಂದ ದನಿ ಬಂತು. ‘ಬಾಳೆಹಣ್ಣ ಕೊಟ್ಟೀರ್ರಿ ಅಮ್ಮಾ. ಕೆಂಪು ಬಾಳೆಹಣ್ಣ.’

‘ಎಷ್ಟು?’

‘ಎರಡು. ಒಂದು ತಿಂದೀನಿ.’

‘ಹ್ಯಾಂಗಿತ್ತು?’

‘ಮಸ್ತ್ ಇತ್ರಿ ಅಮ್ಮಾ.’

‘ಹೌದೋ ತಮ್ಮಾ, ಇಂವ ನಮ್ಮವನ ಇದ್ದಾನ’ ಎಂದು ಅತ್ತೆ ನನ್ನತ್ತ ತಿರುಗಿ, ಜಾಲರಿ ಸರಿಸಿಕೊಂಡು ಹೊರನಡೆದಳು. ನಾನು ಕೈ ಇಳಿಸಬಹುದು ಎಂದು ಯಾರೂ ಹೇಳದಿದ್ದರಿಂದ, ಎತ್ತಿಕೊಂಡೇ ಹಿಂಬಾಲಿಸಿದೆ.

ಗಂಟೆ ನಿಲ್ಲಿಸಿದರು. ಹೊರಗೋಡಿದವರು ಒಬ್ಬೊಬ್ಬರಾಗಿ ಒಳಬಂದು, ಉಳ್ಳಾಗಡ್ಡಿಯ ಸುತ್ತ ನಿಂತು ನೋಡಿದರು. ಒಬ್ಬ ವ್ಯಾಪಾರಿ ಅದನ್ನು ಎತ್ತಿ ಮೂಸಿ, ‘ಮಾಲ್ ಅಚ್ಛಾ ಹೈ’ ಅಂದ. ಅಧಿಕಾರಿಯ ಕಣ್ಣಲ್ಲಿ ನೀರು. ಅದು ಹೊಗೆಯಿಂದಲೋ ನಗುವಿನಿಂದಲೋ ನನಗೆ ತಿಳಿಯಲಿಲ್ಲ. ನನ್ನನ್ನೂ ಅತ್ತೆಯನ್ನೂ ಮ್ಯಾನೇಜರರ ಕೋಣೆಯಲ್ಲಿ ಕೂಡ್ರಿಸಿದರು. ಕಾವಲುಗಾರ ಬಾಗಿಲಲ್ಲಿ ನಿಂತ.

ಮ್ಯಾನೇಜರರು ಈ ಭಾಗದವರೇ. ಬೆವರು ಒರೆಸಿಕೊಳ್ಳುತ್ತ, ‘ಅಮ್ಮಾವರ, ಲಾಕರ್ ರೂಮಿನ್ಯಾಗ ಬೆಂಕಿ ಹಚ್ಚತಾರೇನ್ರಿ? ಮ್ಯಾಲಿನವರಿಗಿ ನಾ ಏನ ಹೇಳಲಿ?’ ಎಂದರು.

‘ಬೆಂಕಿ ಎಲ್ಲದರೀ, ಊದಿನಕಡ್ಡಿ. ತಪ್ಪಾಯ್ತು ಅಂತೀನಿ. ಈಗ ಒಂದ ಸಲ ತೆಗದ ಕೊಡ್ರಿ, ಬೋರಮಾಳ ಒಳಗ ಉಳದದ.’

‘ಇವತ್ತ ಆಗಂಗಿಲ್ರಿ. ಹಿಂಗೆಲ್ಲಾ ಆದ ಮ್ಯಾಲ ಲಾಕರ್ ರೂಮ್ ಬಂದ್. ಸೋಮವಾರ ಬರ್ರಿ.’

ಬಂದೂಕಿಗೆ ಬಗ್ಗದವಳ ಮುಖ ‘ಸೋಮವಾರ’ ಎಂಬ ಮಾತಿಗೆ ಬಾಡಿಹೋಯಿತು. ಐತವಾರದ ಕುಬಸದ ಬಗ್ಗೆ ಹೇಳಿದಳು, ಬೀಗತಿಯ ಮಾತಿನ ಬಗ್ಗೆ ಹೇಳಿದಳು, ಮಗಳು ಅತ್ತದ್ದನ್ನು ಹೇಳಲು ಹೋಗಿ ಅರ್ಧಕ್ಕೆ ನಿಲ್ಲಿಸಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಮ್ಯಾನೇಜರರು ಮೇಜಿನ ಗಾಜನ್ನು ನೋಡುತ್ತ, ‘ರೂಲ್ಸ್ ಅದಾವ್ರಿ, ನಮ್ಮ ಕೈಯಾಗ ಏನಿಲ್ಲ’ ಎಂದರು.

ಇಲ್ಲಿ ನಾನು ಏನಾದರೂ ಹೇಳಬೇಕಿತ್ತು. ಗ್ರಾಹಕರ ಹಕ್ಕುಗಳ ಬಗ್ಗೆ ಒಂದಿಡೀ ತಾಸು ಪಾಠ ಮಾಡಿದವನು ನಾನು. ಒಂದು ಹಕ್ಕೂ ನೆನಪಾಗಲಿಲ್ಲ. ಯಾರ ಮುಖವನ್ನೂ ನೋಡಲಾಗದೆ ಚಾವಣಿ ನೋಡಿದೆ. ಅಲ್ಲಿ ಅಂಥದ್ದೇ ಬಿಳಿಯ ಬಟ್ಟಲು ಬೋರಲಾಗಿತ್ತು. ಆದರೆ ಇದಕ್ಕೆ ಒಂದು ಪ್ಲಾಸ್ಟಿಕ್ ಚೀಲ ಹಾಕಿ ರಬ್ಬರ್ ಬ್ಯಾಂಡ್ ಸುತ್ತಿದ್ದರು. ಆ ಚೀಲದ ಕೆಳಗೆ ಸರಿಯಾಗಿ ಲಕ್ಷ್ಮಿಯ ಫೋಟೋ, ಫೋಟೋದ ಮುಂದೆ ಹೊಸ ಹೂವು, ಹೂವಿನ ಪಕ್ಕದಲ್ಲಿ ಅರ್ಧ ಉರಿದ ಊದಿನಕಡ್ಡಿ. ಆ ಕಡ್ಡಿಯ ಹೊಗೆಗೆ ಈ ಗಂಟೆಯೂ ಬಾರಿಸಿ ಮತ್ತೆ ಬಂದೂಕು ಬರುತ್ತದೆಯೇ ಎಂಬುದಷ್ಟೇ ಆಗ ನನ್ನ ಚಿಂತೆ. ಜಾಣತನ ತೋರಿಸಬೇಕೆಂಬ ಯಾವ ಉದ್ದೇಶವೂ ಇರಲಿಲ್ಲ, ದೇವರಾಣೆ.

‘ಸರ್, ಅದಕ್ಕ ಚೀಲ ಯಾಕ ಕಟ್ಟೀರಿ?’ ಎಂದು ಕೇಳಿದೆ.

ಮ್ಯಾನೇಜರರು ಮೇಲೆ ನೋಡಲಿಲ್ಲ. ಬಾಗಿಲಲ್ಲಿದ್ದ ಕಾವಲುಗಾರ ಮಾತ್ರ ಸಹಾಯ ಮಾಡುವ ಉತ್ಸಾಹದಲ್ಲಿ, ‘ಅದಾ ಸಾಬ್? ಪ್ರತಿ ಶುಕ್ರವಾರ ಸಾಹೇಬರು ಪೂಜಿ ಮಾಡ್ತಾರಲ್ರಿ, ಗಂಟಿ ಹೊಡ್ಕೋಬಾರದಂತ ನನ್ನ ಕೈಲಿ ಕಟ್ಟಸ್ಯಾರ. ಮೊದಲನೇ ಸಲಾ ಹಿಂಗ ಹೊಡ್ಕೊಂಡು...’ ಎಂದ.

‘ನೀ ಹೊರಗ ಹೋಗಪ್ಪಾ’ ಅಂದರು ಮ್ಯಾನೇಜರರು.

ಅತ್ತೆ ಚಾವಣಿ ನೋಡಿದಳು. ಫೋಟೋ ನೋಡಿದಳು. ಮ್ಯಾನೇಜರರನ್ನು ನೋಡಿದಳು. ‘ಹಂಗಾದ್ರ ನನಗೂ ಒಂದ ಚೀಲ ಕಟ್ಟಿಕೊಡಬೇಕಾಗಿತ್ತಲ್ರಿ ಸಾಹೇಬ್ರ’ ಎಂದಳು. ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಅವಳು ನಿಜವಾಗಿಯೂ ಅದೊಂದು ಬ್ಯಾಂಕಿನ ಸೌಲಭ್ಯ ಎಂದು ತಿಳಿದಿದ್ದಳು.

ಮ್ಯಾನೇಜರರು ಎದ್ದು, ಅಧಿಕಾರಿಯನ್ನು ಕರೆದು, ‘ಇವರದೊಂದು ಲಾಕರ್ ತೆಗೆದು ಕೊಡ್ರಿ, ನಾನೂ ಬರ್ತೀನಿ’ ಅಂದರು. ಅತ್ತೆಯ ಮುಂದೆ ಕೈಯೊಡ್ಡಿ, ‘ಕಡ್ಡಿಪೆಟಿಗಿ ಇಲ್ಲಿ ಕೊಡ್ರಿ’ ಎಂದರು. ಅತ್ತೆ ಅದನ್ನು ಕೊಟ್ಟಳು, ಜೊತೆಗೆ ನಾಲ್ಕು ಬಾಳೆಹಣ್ಣನ್ನೂ ಕೊಟ್ಟಳು. ಈ ಸಲ ಅವಳು ಕೈಮುಗಿದು ಬರೀ ಬಾಯಿಮಾತಿನಲ್ಲೇ ಲಕ್ಷ್ಮಿಯ ಅಪ್ಪಣೆ ಕೇಳಿದಳು. ಮ್ಯಾನೇಜರರೂ ಕೈಮುಗಿದು ನಿಂತಿದ್ದರು. ನನ್ನ ಕೈಗಳು ಹೇಗೂ ಮೇಲೆಯೇ ಇದ್ದವು.

ಐತವಾರ ಕಮಲಾಪುರದಲ್ಲಿ ಕುಬಸವಾಯಿತು. ಹಸಿರು ಸೀರೆ, ಮೊಳಕೈವರೆಗೆ ಹಸಿರು ಬಳೆ ತೊಟ್ಟು ಕುಳಿತಿದ್ದ ಹುಡುಗಿಯ ಕೊರಳಿಗೆ ಅತ್ತೆ ಬೋರಮಾಳ ಹಾಕಿದಳು. ಹುಡುಗಿ ಒಂದೊಂದೇ ಗುಂಡನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡು, ತಾಯಿಯ ಕೈ ಹಿಡಿದುಕೊಂಡಳು. ಬೀಗತಿ ಎದ್ದು ಬಂದು ಸರವನ್ನು ಅಂಗೈಯಲ್ಲಿ ತೂಗಿ ನೋಡಿದರು. ಹೆಂಗಸರೆಲ್ಲ ಹಾಡು ನಿಲ್ಲಿಸಿ ಅವರ ಬಾಯಿಯನ್ನೇ ನೋಡುತ್ತಿದ್ದರು.

‘ಹಳೀ ಕಾಲದ ಬಂಗಾರ. ಈಗ ಇಂಥಾದ್ದು ಎಲ್ಲಿ ಸಿಗತದ?’ ಅಂದರು ಬೀಗತಿ. ಅಷ್ಟೇ. ಅತ್ತೆಗೆ ಅಷ್ಟು ಸಾಕಾಗಿತ್ತು. ಅವಳು ತಿರುಗಿ ಒಳಗೆ ಹೋಗಿ, ಯಾರಿಗೂ ಬೇಡದ ಒಂದು ಪಾತ್ರೆಯನ್ನು ಎರಡು ಸಲ ತೊಳೆದಳು.

ಊಟಕ್ಕೆ ಕುಳಿತಾಗ ನಾನು ಬಹಳ ನೆಮ್ಮದಿಯಿಂದಿದ್ದೆ. ಸರ ಇನ್ನು ಹುಡುಗಿಯದು, ಆ ಲಾಕರಿಗೆ ನಾನು ಮತ್ತೆ ಹೋಗಬೇಕಾಗಿಲ್ಲ. ಶೇಂಗಾ ಹೋಳಿಗೆಯನ್ನು ಮುರಿಯದೆ ಒಮ್ಮೆಲೇ ಬಾಯಿಗಿಟ್ಟಾಗ ಬೀಗತಿ ತುಪ್ಪದ ಪಾತ್ರೆ ಹಿಡಿದು ಎದುರಿಗೆ ಬಂದು ನಿಂತರು.

‘ನಿಮ್ಮತ್ತಿ ಎಲ್ಲಾ ಹೇಳ್ಯಾರ್ರಿ. ಬಂದೂಕ ಎದಿಗಿ ಹಿಡದ್ರೂ ಒಂದ ಹೆಜ್ಜಿ ಹಿಂದ ಸರೀಲಿಲ್ಲಂತ ನೀವು. ಇಷ್ಟು ಭಾರೀ ಒಡವಿ ಮನ್ಯಾಗ ಇಟ್ಕೊಳ್ಳೂದು ನನಗ್ಯಾಕೋ ಅಂಜಿಕಿ. ನಾವೂ ಕಲಬುರಗ್ಯಾಗ ಒಂದ ಲಾಕರ್ ಮಾಡ್ತೀವಿ. ನನಗ ಬ್ಯಾಂಕಂದ್ರ ಕೈಕಾಲ ನಡಗತಾವ. ನಿಮ್ಮಂಥಾ ಧೈರ್ಯದ ಮನಷ್ಯಾ ಜೋಡಿಗಿದ್ರ ಛಲೋ. ನಿಮ್ಮ ಹೆಸರೂ ಹಾಕಸಬೇಕಂತ ಮಾಡೀವಿ. ಬರ್ತೀರಲ್ರಿ?’

ಬಾಯಿಯ ತುಂಬ ಹೋಳಿಗೆ. ಶೇಂಗಾ ಹೂರಣ ಅಂಗುಳಕ್ಕೆ ಅಂಟಿಕೊಂಡಿತ್ತು. ಬರುವುದಿಲ್ಲ ಎಂದು ಹೇಳಲು ಜೋರಾಗಿ ತಲೆ ಅಲ್ಲಾಡಿಸಿದೆ. ಅದು ಯಾವ ಕಡೆಗೆ ಅಲ್ಲಾಡಿತೋ, ಬೀಗತಿ ಸಂತೋಷದಿಂದ ಇನ್ನೊಂದು ಹೋಳಿಗೆ ಹಾಕಿ, ಅದರ ಮೇಲೆ ತುಪ್ಪ ಸುರಿದರು.